ಟ್ರಾಫಿಕ್ ಸಿಗದ ಸಂಜೆ

ಅವನಷ್ಟು ಟ್ರಾಫಿಕ್ ಜಾಮ್ ಕಂಡ ಗಂಡಸು ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಒಮ್ಮೆ ಅವನ ಮುಂದಿನ ಕಾರಿನಲ್ಲಿ ಹೆರಿಗೆಯಾಗಿ, ಸಿಗ್ನಲ್ಲು ಹಸಿರಾಗುವಷ್ಟರಲ್ಲಿ ಮಗುವಿಗೆ ಹಲ್ಲು ಬಂದು, ಅದು ಹಿಂದಿನ ಗಾಜಿನಿಂದ ಇವನಿಗೆ ಟಾಟಾ ಮಾಡಿತ್ತು. ನಂಬದವರು ಅವನ ಅತ್ತೆಯನ್ನು ಕೇಳಬಹುದು. ಆಕೆ ನಂಬಿದ್ದಾಳೆ.

ಹೆಂಡತಿ ನಂಬಿರಲಿಲ್ಲ. ಆಫೀಸು ಬಿಟ್ಟವನು ಮನೆ ಸೇರುವಷ್ಟರಲ್ಲಿ ಅಡುಗೆ ಎರಡು ಸಲ ಬಿಸಿಯಾಗಿ ಮತ್ತೆ ಆರಿರುತ್ತಿತ್ತು. ಇವತ್ತು ಬೆಳಿಗ್ಗೆ, ಬಗ್ಗಿ ಷೂ ಲೇಸು ಕಟ್ಟುತ್ತಿದ್ದವನ ನೆತ್ತಿಗೆ ಹೇಳಿದಳು:

“ರೀ, ದಾರೀಲಿ ಇಷ್ಟೆಲ್ಲ ಆಗತ್ತಲ್ಲ, ಕಾರಿಗೊಂದು ಕ್ಯಾಮರಾ ಹಾಕ್ಕೊಂಡು ಬನ್ನಿ. ನಾವೂ ನೋಡ್ತೀವಿ.”

“ಯಾಕೆ, ನನ್ನ ಮಾತು ಸಾಲದಾ?”

“ಮಾತು ಜಾಸ್ತೀನೇ ಆಯ್ತು.” ಬಾಗಿಲ ಚಿಲಕ ಹಿಡಿದು ನಿಂತಳು. “ಯಾರಾದ್ರೂ ಇದ್ರೆ ಹೇಳಿಬಿಡಿ. ನಾನು ಅಕ್ಕನ ಮನೆಗೆ ಹೋಗ್ತೀನಿ. ಗಲಾಟೆ ಮಾಡಲ್ಲ.”

“ಯಾರು?”

“ಅದನ್ನೇ ಕೇಳ್ತಿರೋದು.”

ಯಾರೂ ಇರಲಿಲ್ಲ. ಇದ್ದರೆ ತೋರಿಸಬಹುದಿತ್ತು. ಇಲ್ಲದಿರುವುದನ್ನು ತೋರಿಸುವುದು ಹೇಗೆಂದು ಅವನಿಗೆ ಹೊಳೆಯಲಿಲ್ಲ.

ಅವನು ವಿಮಾ ಕಂಪನಿಯೊಂದರಲ್ಲಿ ಅಪಘಾತದ ಕ್ಲೇಮುಗಳ ತನಿಖೆ ಮಾಡುವವನು. ಡಿಕ್ಕಿ ಹೊಡೆದವರು ತಂದುಕೊಡುವ ಕ್ಯಾಮರಾ ದೃಶ್ಯಗಳನ್ನು ಬೆಳಗಿನಿಂದ ಸಂಜೆಯವರೆಗೆ ನೋಡಿ, ಯಾರು ಸುಳ್ಳು ಹೇಳುತ್ತಿದ್ದಾರೆಂದು ಬರೆದುಕೊಡುವುದು ಕೆಲಸ. ಇಡೀ ಖಂಡದಲ್ಲಿ ಅವನ ಕಣ್ಣು ತಪ್ಪಿಸಿದ ಚಾಲಕನಿಲ್ಲ. ಬ್ರೇಕು ಕಿರುಗುಟ್ಟಿದ ರೀತಿ ಕೇಳಿದರೆ ಸಾಕು, ಓಡಿಸಿದವನು ಚಿಕ್ಕಂದಿನಲ್ಲಿ ಯಾರಿಂದ ಏಟು ತಿಂದಿದ್ದನೆಂದು ಹೇಳಿಬಿಡುತ್ತಿದ್ದ. ಇಂಥವನಿಗೆ ಕ್ಯಾಮರಾ ಅಂಗಡಿಯಲ್ಲಿ ಯಾರ ಸಲಹೆ ಬೇಕು.

“ಪರದೆ ಇರೋದು ಕೊಡ್ಲಾ ಸರ್, ಇಲ್ಲದ್ದಾ?” ಅಂಗಡಿಯವನು ಕೇಳಿದ.

“ಏನು ವ್ಯತ್ಯಾಸ?”

“ಪರದೆ ಇದ್ರೆ ಏನು ಕಾಣ್ತಿದೆ ಅಂತ ಆಗಾಗ ನೋಡ್ಕೋಬಹುದು. ತಮ್ಮ ಮೇಲೆ ತಮಗೇ ನಂಬಿಕೆ ಇಲ್ದೋರು ತಗೋತಾರೆ.”

ಅವನು ಪರದೆ ಇಲ್ಲದ್ದನ್ನು ತಗೊಂಡ.

“ಫಿಟ್ ಮಾಡಿಸಿಕೊಡ್ಲಾ ಸರ್?”

“ನನಗಾ?” ಎಂದು ನಕ್ಕು ಹೊರಗೆ ಬಂದ.

ಕ್ಯಾಮರಾ ಎಂದರೆ ಹೆಬ್ಬೆರಳು ಗಾತ್ರದ ಒಂದು ಕೊಳವೆ. ಹಿಡಿದು ತಿರುವಿದರೆ ಅದರ ಕಣ್ಣು ರಸ್ತೆಯ ಕಡೆಗೂ ಹೊರಳುತ್ತಿತ್ತು, ಸೀಟಿನ ಕಡೆಗೂ ಹೊರಳುತ್ತಿತ್ತು. ಮುಂದಿನ ಗಾಜು ಒರೆಸಿ ಅಂಟು ಒತ್ತಿದ. ವೈರನ್ನು ಬಾಗಿಲಿನ ರಬ್ಬರಿನೊಳಗೆ ತೂರಿಸಿ ಕೆಳಗಿನ ಸಾಕೆಟ್ಟಿಗೆ ಚುಚ್ಚಿದ. ಕೊನೆಗೆ ಕಣ್ಣಿನ ಮೇಲಿನ ಪ್ಲಾಸ್ಟಿಕ್ ಪೊರೆ ಕೀಳಲು ಕೊಳವೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಉಗುರಿಗೆ ಸಿಗದೆ ಸತಾಯಿಸಿದ ಪೊರೆ ಕೊನೆಗೂ ಕಿತ್ತು ಬಂದಾಗ ಆಫೀಸಿನಿಂದ ಫೋನು. ಚಂದ್ರನ ಮೇಲೂ ಇಷ್ಟು ನಾಜೂಕಾಗಿ ಯಾರೂ ಕ್ಯಾಮರಾ ಕೂರಿಸಿಲ್ಲ ಎಂದುಕೊಳ್ಳುತ್ತ ಹಾಗೇ ಹೊರಟ.

ಸಂಜೆ ಅವನಿಗೆ ಬೇಕಾಗಿದ್ದದ್ದು ಒಂದು ಟ್ರಾಫಿಕ್ ಜಾಮ್. ಸಿಗಲಿಲ್ಲ.

ಸಿಗ್ನಲ್ಲುಗಳೆಲ್ಲ ಇವನನ್ನು ಕಂಡದ್ದೇ ಹಸಿರಾದವು. ಎಂದೂ ದಾರಿ ಬಿಡದ ಬಸ್ಸೊಂದು ಮರ್ಯಾದೆಯಿಂದ ಪಕ್ಕಕ್ಕೆ ಸರಿಯಿತು. ಮಾರುಕಟ್ಟೆ ಸುತ್ತಿದ, ಆಸ್ಪತ್ರೆ ಸುತ್ತಿದ. ಕೊನೆಗೆ ರೈಲ್ವೆ ಗೇಟಿನ ಹತ್ತಿರ ಸಿಮೆಂಟಿನ ಲಾರಿಯೊಂದು ಅಡ್ಡ ಸಿಕ್ಕಿಕೊಂಡು ಹತ್ತಾರು ವಾಹನಗಳು ನಿಂತಿದ್ದವು. ನಿಧಿ ಕಂಡವನಂತೆ ಹೋಗಿ ನಡುವೆ ತೂರಿಕೊಂಡ. ಹಾರ್ನು ಒತ್ತಿದ. ಪಕ್ಕದ ಸ್ಕೂಟರಿನವನು, “ಏನ್ ಸ್ವಾಮಿ, ಹಾರ್ನ್ ಹೊಡೆದ್ರೆ ಲಾರಿ ಹಾರತ್ತಾ?” ಎಂದು ಬೈದ. ಇವನೂ ಬೈದ. ಒಬ್ಬರು ತನ್ನ ಮುಖ ನೋಡಿ ಮಾತಾಡಿ ಎಷ್ಟು ದಿನಗಳಾಗಿದ್ದವು. ದಾರಿ ತೆರೆದಾಗ ಬೇಜಾರಾಯಿತು. ಆಚೆ ಹೋಗಿ, ಕಾರು ತಿರುಗಿಸಿಕೊಂಡು ಬಂದು ನೋಡಿದ. ಎಲ್ಲರೂ ಹೊರಟುಹೋಗಿದ್ದರು.

ಆಮೇಲೆ ದಿನದಂತೆ ತನ್ನ ಮನೆಯಿರುವ ಕಟ್ಟಡದ ನೆಲಮಾಳಿಗೆಗೆ ಇಳಿದು, ತನ್ನ ಜಾಗದ ಕಂಬಕ್ಕೆ ಎದುರಾಗಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿದ. ಎಂಜಿನ್ ಆರಿದರೆ ಕ್ಯಾಮರಾವೂ ಆರುತ್ತದೆ ಎಂಬುದು ಅವನ ಪಾಂಡಿತ್ಯ. ಒಳಗೆ ಬ್ಯಾಟರಿಯಿದೆ, ಕಾರು ನಿಂತ ಮೇಲೂ ಇದು ನೋಡುತ್ತಲೇ ಇರುತ್ತದೆ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಡಬ್ಬಿ ಓದುವುದು ಬೇರೆಯವರ ಕೆಲಸ.

ಊಟಕ್ಕೆ ಕೂತಾಗ ಅತ್ತೆ ತಟ್ಟೆ ಹತ್ತಿರ ಎಳೆದುಕೊಂಡು ಕೇಳಿದಳು, “ಇವತ್ತೇನಾಯ್ತು ಅಳಿಯಂದ್ರೇ?”

“ನಂಬ್ತೀರೋ ಇಲ್ವೋ ಅತ್ತೆ, ಐದು ಲಾರಿ. ಒಂದರ ಮೇಲೊಂದು.”

“ಅಯ್ಯೋ ಶಿವನೇ.”

“ರೈಲೇ ಗೇಟು ತೆಗೀಲಿ ಅಂತ ಕಾದು ನಿಂತಿತ್ತು.”

“ತೋರಿಸಿ,” ಎಂದಳು ಹೆಂಡತಿ.

ಕ್ಯಾಮರಾದ ದೃಶ್ಯ ಬಂದು ಸೇರುವ ಫೋನನ್ನು ಟೀವಿಗೆ ಜೋಡಿಸಿದ. ಮಿಕ್ಕ ನಾಲ್ಕು ಲಾರಿ ಕ್ಯಾಮರಾದ ಅಂಚಿನಿಂದ ಆಚೆ ಇದ್ದವು ಎನ್ನಲು ತಯಾರಾಗಿದ್ದ. ಮೂವರೂ ಸೋಫಾದಲ್ಲಿ ಕೂತರು.

ಟೀವಿಯ ತುಂಬ ಅವನ ಮೂಗು ಬಂತು. ಆಮೇಲೆ ಮುಖ. ಆ ಕಣ್ಣನ್ನು ಮತ್ತೆ ರಸ್ತೆಗೆ ತಿರುಗಿಸಿಯೇ ಇರಲಿಲ್ಲವೆಂದು ಆಗ ಹೊಳೆಯಿತು. ದೃಶ್ಯವನ್ನು ಮುಂದಕ್ಕೆ ಓಡಿಸಲು ಹೋದ. ಹೆಂಡತಿ ಫೋನು ತೆಗೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಗೇಟಿನ ಹತ್ತಿರ ಮುಖ ಅರಳಿತ್ತು. ಇಷ್ಟು ಖುಷಿಯ ಅಳಿಯನನ್ನು ಅತ್ತೆ ನೋಡಿರಲಿಲ್ಲ. ಆಮೇಲೆ ಬೆಳಕು ಹೋಗಿ, ನೆಲಮಾಳಿಗೆಯ ಟ್ಯೂಬ್‌ಲೈಟಿನಲ್ಲಿ ಮುಖ ಬೂದಿ ಬಣ್ಣಕ್ಕೆ ತಿರುಗಿತು. ಅದು ಹುಬ್ಬೇರಿಸಿತು.

“ನಂಬ್ತೀರೋ ಇಲ್ವೋ ಅತ್ತೆ, ಮೂರು ಲಾರಿ.” ನಿಂತಿತು. ಗಂಟಲು ಸರಿಮಾಡಿಕೊಂಡಿತು. “ಐದು. ಐದು ಲಾರಿ. ಒಂದರ ಮೇಲೊಂದು.”

ಅತ್ತೆ ಮಗಳ ಕಡೆ ನೋಡಿದಳು. “ಇದು ಊಟಕ್ಕೆ ಮುಂಚಿಂದಾ?”

ಟೀವಿಯಲ್ಲಿ ಅಭ್ಯಾಸ ಮುಗಿದು ಅವನು ಸುಮ್ಮನೆ ಕೂತಿದ್ದ. ಟೀವಿಯೊಳಗೇ ಅವನ ಫೋನು ರಿಂಗಾಯಿತು. ಎತ್ತಿ ನೋಡಿ, ಸದ್ದಡಗಿಸಿ ತೊಡೆಯ ಮೇಲೆ ಬೋರಲು ಹಾಕಿದ.

“ಆ ಫೋನು ನಾನು ಮಾಡಿದ್ದು,” ಎಂದಳು ಹೆಂಡತಿ. ಎದ್ದು ಟೀವಿಯ ಹತ್ತಿರ ಹೋಗಿ ಪಕ್ಕದ ಸೀಟು ನೋಡಿದಳು. ಹಿಂದಿನ ಸೀಟೂ ನೋಡಿದಳು. “ಯಾರೂ ಇಲ್ಲ.”

“ಹೇಳಿದ್ನಲ್ಲ.” ಒಂದು ಗಳಿಗೆ ಗೆದ್ದೆನೆನಿಸಿತು.

“ಯಾರಾದ್ರೂ ಇದ್ದಿದ್ರೆ ಅರ್ಥ ಆಗ್ತಿತ್ತು.”

ಅವನು ಕನ್ನಡಕ ತೆಗೆದು ಒರೆಸಿದ.

“ದಾರಿ ಹೇಗಿತ್ತು?” ಎಂದು ಕೇಳಿದಳು.

“ಖಾಲಿ ಇತ್ತು.”

“ಇವತ್ತಾ?”

“ದಿನಾ.”

“ಮತ್ತೆ ಅಲ್ಲೇನು ಮಾಡ್ತೀರಿ?”

“ಕೂತಿರ್ತೀನಿ.”

ಸಿಕ್ಕಿಬಿದ್ದ ಮೇಲೆ ಮುಚ್ಚುಮರೆ ಯಾಕೆ. ಮೊದಲ ಸಾಲಿನಿಂದ ಕೊಚ್ಚಿದ್ದೆಲ್ಲ ಸುಳ್ಳು. ಮುಂದಿನ ಕಾರಿನಲ್ಲಿ ಮಗು ಹುಟ್ಟಲಿಲ್ಲ, ಅದಕ್ಕೆ ಹಲ್ಲು ಬರಲಿಲ್ಲ. ಮುಂದೆ ಕಾರೇ ಇರಲಿಲ್ಲ. ಕಂಬವಿತ್ತು.

ಆ ಕಂಬ ಈಗ ಟೀವಿಯಲ್ಲಿ ಅವನ ಕನ್ನಡಕದ ಎರಡು ಗಾಜಿನಲ್ಲೂ ಒಂದೊಂದು ನಿಂತಿತ್ತು. ಗಾಜಿನ ಹಿಂದೆ ಕಣ್ಣು ಕಾಣುತ್ತಿರಲಿಲ್ಲ. ಹೆಂಡತಿ ವಾಪಸು ಬಂದು ಸೋಫಾದ ಆ ತುದಿಯಲ್ಲಿ ಕೂತಳು.

“ಇವ್ರು ಮೇಲಕ್ಕೆ ಯಾವಾಗ ಬರ್ತಾರೆ?” ಅತ್ತೆ ಮೆಲ್ಲಗೆ ಕೇಳಿದಳು.

ಮೂವರೂ ಕಾದರು. ತಾನು ಮೇಲೆ ಬಂದಾಗಿದೆಯೆಂದು ಅವನಿಗೆ ಗೊತ್ತಿತ್ತು. ಆದರೂ ಮುಂದಕ್ಕೆ ಬಾಗಿ ನೋಡಿದ. ಟೀವಿಯಲ್ಲಿದ್ದವನು ಕಾರಿನ ಬಾಗಿಲ ಹಿಡಿಕೆಯ ಮೇಲೆ ಕೈ ಇಟ್ಟ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದು, ಕೈ ಹಿಂದಕ್ಕೆ ತೆಗೆದುಕೊಂಡ.