ಕುಳ್ಳಮ್ಮನನ್ನು ಹೊಗಳಿದ ದಿನ

ಜಯಲಕ್ಷ್ಮಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಹುಣಸೂರಿನಿಂದ ಬಸ್ಸು ಹಿಡಿದು ಹನಗೋಡಿನಾಚೆಯ ಈ ಹೊಳೆದಂಡೆ ಶಾಲೆಗೆ ವರ್ಗವಾಗಿ ಬಂದು ಇನ್ನೂ ವಾರ ತುಂಬಿರಲಿಲ್ಲ. ಆಗಲೇ ನಾಲ್ಕನೇ ತರಗತಿ ಮಕ್ಕಳು ಅವಳ ಚಪ್ಪಲಿ ಸದ್ದಿಗೇ ಕೈಕಟ್ಟಿ ಕೂರುತ್ತಿದ್ದರು.

ಅವತ್ತು ಗುಣವಾಚಕದ ಪಾಠ. ದೊಡ್ಡ ಕಲ್ಲು, ಹಸಿರು ಮರ ಅಂತ ಹೇಳಿಸುತ್ತಾ ಕೂತರೆ ಮಕ್ಕಳು ತೂಕಡಿಸುತ್ತವೆ ಅಂತ, ಒಬ್ಬೊಬ್ಬರನ್ನೇ ಮುಂದೆ ನಿಲ್ಲಿಸಿ, ಮಿಕ್ಕವರ ಕೈಲಿ ಅವರಿಗೊಂದು ಒಳ್ಳೇ ಮಾತು ಹೇಳಿಸಿದಳು. ಉದ್ದ ಜಡೆಯ ಪ್ರಿಯಾ. ಗಟ್ಟಿ ದನಿಯ ತೇಜಸ್. ಚುರುಕು ಕಾಲಿನ ರಘು. ಮಕ್ಕಳಿಗೆ ಖುಷಿಯೋ ಖುಷಿ.

ಕುಳ್ಳಮ್ಮ ಬಂದು ನಿಂತಳು. ಎಲ್ಲರ ಬಾಯೂ ಮುಚ್ಚಿತು.

"ಯಾಕ್ರೋ, ಬಾಯಿಗೆ ಬೀಗ ಬಿತ್ತಾ?"

"ಅವ್ಳಿಗೆ ಒಳ್ಳೇದು ಏಳಂಗಿಲ್ಲ ಕಣ್ ಮಿಸ್," ಅಂದ ರಘು. "ಬೈಬೋದು. ಬೇಕಾದ್ರೆ ಗೊಣ್ಣೆ ಮೂಗಿನ ಕುಳ್ಳಮ್ಮ ಅಂತೀನಿ."

ಯಾರೂ ನಗಲಿಲ್ಲ. ಕುಳ್ಳಮ್ಮನೂ ಸರಿ ಅನ್ನುವಂತೆ ತಲೆಯಾಡಿಸಿದಳು. ಜಯಲಕ್ಷ್ಮಮ್ಮನಿಗೆ ಮೈಯೆಲ್ಲ ಉರಿಯಿತು. ಇಷ್ಟು ಸಣ್ಣ ವಯಸ್ಸಿಗೇ ಎಂಥ ಕೆಟ್ಟ ಬುದ್ಧಿ! "ನಾನು ಹೇಳ್ತೀನಿ, ಕೇಳ್ರೋ," ಅಂತ ಮಗುವಿನ ಗಲ್ಲ ಹಿಡಿದೆತ್ತಿದಳು. "ದುಂಡು ಮುಖದ ಕುಳ್ಳಮ್ಮ. ಹೊಳೆಯೋ ಕಣ್ಣಿನ ಕುಳ್ಳಮ್ಮ. ಮುದ್ದಾದ ಕುಳ್ಳಮ್ಮ."

ಕಿಟಕಿಯಾಚೆ ಯಾರೋ ಮೆಲ್ಲಗೆ ಅಂದರು: "ಮುದ್ದಾದ ಕುಳ್ಳಮ್ಮ."

"ಯಾವಳೇ ಅದು?" ಜಯಲಕ್ಷ್ಮಮ್ಮ ಹೋಗಿ ಬಗ್ಗಿ ನೋಡಿದಳು. ಹೊಗೆಸೊಪ್ಪಿನ ಹೊಲ, ಅದರಾಚೆ ಹೊಳೆ. ನರಪಿಳ್ಳೆ ಇಲ್ಲ. ತಿರುಗಿದರೆ ಮಕ್ಕಳೆಲ್ಲ ನೆಲ ನೋಡುತ್ತಿದ್ದರು. ಕುಳ್ಳಮ್ಮ ಒಬ್ಬಳೇ ಕಿಟಕಿ ನೋಡಿ ನಗುತ್ತಿದ್ದಳು, ಇನ್ನೊಂದು ಸಲ ಅನ್ನಲಿ ಅಂತ ಕಾಯುವವಳ ಹಾಗೆ.

ಬಿಸಿಯೂಟ ಮಾಡುವ ಮರಮ್ಮ ಕುಳ್ಳಮ್ಮನ ಅಜ್ಜಿ. ಊಟದ ಹೊತ್ತಿಗೆ ರಘು ಅವಳ ಕಿವಿಗೆ ಸುದ್ದಿ ಹಾಕಿದ. ಅವಳ ಕೈಯಿಂದ ಸೌಟು ಜಾರಿತು.

"ಏನ್ ಮಾಡ್ಬುಟ್ರಿ ಮೇಡಮ್ಮೋರೇ! ಇವ್ಳಿಗಿಂತ ಮುಂಚೆ ನನ್ ಮಗಳಿಗೆ ಎಲ್ಡು ಎಣ್ಣು ಉಟ್ಟಿದ್ವು. ಊರೋರೆಲ್ಲ ಚೆಂದ ಚೆಂದ ಅಂದ್ರು. ಎಲ್ಡೂ ತಾವಾಗೇ ನಡ್ಕೊಂಡೋಗಿ ಒಳೆಗೆ ಇಳಿದ್ಬುಟ್ವು. ಅದಕ್ಕೇ ಇದ್ನ ಉಟ್ಟಿದ್ ದಿನವೇ ತಿಪ್ಪೆ ಮ್ಯಾಲೆ ಒರಳಾಡ್ಸಿ, ಕುಳ್ಳಿ ಅಂತ ಎಸ್ರಿಟ್ಟು, ಬೈಕೊಂಡೇ ಸಾಕಿವ್ನಿ. ಯಾರ್ಗೂ ಬ್ಯಾಡದ ಕೂಸು ಅಂತ ಅದು ಸುಮ್ಕಿತ್ತು."

"ಅದು ಅಂದ್ರೆ ಯಾವುದು? ಇಂಥ ಕಂತೆಪುರಾಣ ನನ್ನ ಹತ್ರ..." ಜಯಲಕ್ಷ್ಮಮ್ಮನ ಮಾತು ಅಲ್ಲೇ ನಿಂತಿತು. ಊಟದ ಸಾಲಿನಲ್ಲಿ ಕುಳ್ಳಮ್ಮನ ತಟ್ಟೆ ಇತ್ತು. ಕುಳ್ಳಮ್ಮ ಇರಲಿಲ್ಲ.

ಸೆರಗು ಕಟ್ಟಿ ಓಡಿದಳು. ಹಿಂದೆ ಮರಮ್ಮ, ಅವಳ ಹಿಂದೆ ಮಕ್ಕಳು. ಹುಡುಗಿ ಹೊಳೆಯಲ್ಲಿ ಸೊಂಟಮಟ್ಟ ನೀರಿನಲ್ಲಿ ನಿಂತಿದ್ದಳು. ನಡುನೀರಿನಿಂದ ದನಿ ಬರುತ್ತಿತ್ತು: "ದುಂಡು ಮುಖದ ಕುಳ್ಳಮ್ಮ. ಹೊಳೆಯೋ ಕಣ್ಣಿನ ಕುಳ್ಳಮ್ಮ."

ಅದು ಜಯಲಕ್ಷ್ಮಮ್ಮನದೇ ದನಿ. ಅವಳು ಯಾವತ್ತೂ ಅಷ್ಟು ಮೆತ್ತಗೆ ಮಾತಾಡಿದವಳಲ್ಲ, ಅಷ್ಟೇ.

"ಬಾ ಕಂದಾ! ಬಾರೇ ನನ್ನ ಬಂಗಾರ!" ಅಂತ ಕೂಗಿದಳು. ಹುಡುಗಿ ಇನ್ನೊಂದು ಹೆಜ್ಜೆ ಮುಂದಕ್ಕೇ ಇಟ್ಟಳು. ನೀರು ಎದೆಗೆ ಬಂತು.

"ಬೈರಿ ಮೇಡಮ್ಮೋರೇ!" ಮರಮ್ಮ ಎದೆ ಬಡಿದುಕೊಂಡಳು. "ನೀವ್ ಕೊಟ್ಟ ಒಳ್ಳೇ ಮಾತ್ನ ನೀವೇ ಕಿತ್ಕೋಬೇಕು, ಬೈರಿ!"

ಹುಟ್ಟಿದಾಗಿನಿಂದ ಯಾರೂ ಕೇಳದೆಯೇ ಎಲ್ಲರನ್ನೂ ಬೈದ ಜಯಲಕ್ಷ್ಮಮ್ಮನಿಗೆ ಈಗ ನಾಲಿಗೆ ಹೊರಳಲಿಲ್ಲ. "ಗೊಣ್ಣೆ ಮೂಗಿನ ಮುಂಡೇದೇ!" ಅಂದಳು ಕೊನೆಗೆ. "ಕೊಳಕು ಕಾಲಿನ ಕುಳ್ಳಿ! ಮಂಕುಬಡಿದ ಕುಳ್ಳಿ! ಯಾರಿಗೂ ಬೇಡದ..." ದಂಡೆಯ ಮೇಲಿನ ಮಕ್ಕಳು ಅದನ್ನೇ ಹಿಡಿದು ಕಿರುಚಿದವು: "ಯಾರ್ಗೂ ಬ್ಯಾಡದ ಕುಳ್ಳಿ!"

ದನಿ ನಿಂತಿತು. ನಡುನೀರಿನಲ್ಲಿ ಏನೋ ಮಗ್ಗುಲು ಬದಲಿಸಿದ ಹಾಗೆ ಒಂದು ಸುಳಿ ಎದ್ದು, ಹೊಳೆಯ ಹರಿವಿಗೆ ಎದುರಾಗಿ ಮೇಲಕ್ಕೆ ಸರಿದುಹೋಯಿತು. ಹುಡುಗಿ ತಿರುಗಿದಳು. ಅಳುತ್ತಿದ್ದಳು. "ನಾನೇನ್ ಮಾಡ್ದೆ ಮಿಸ್?"

ಜಯಲಕ್ಷ್ಮಮ್ಮ ನೀರಿಗಿಳಿದು ಅವಳ ರಟ್ಟೆ ಹಿಡಿದು ಎಳೆತಂದಳು. ಅಪ್ಪಿಕೊಳ್ಳಲು ಹೋದ ಕೈಯನ್ನು ಮರಮ್ಮ ತಡೆದಳು.

ಮಾರನೇ ದಿನ ಕಿಟಕಿ ಮುಚ್ಚಿಯೇ ಪಾಠ. ಗುಣವಾಚಕದ ಮಾತೇ ಎತ್ತಲಿಲ್ಲ. ಆದರೆ ಮುಂದಿನ ಸಾಲಿನ ಪುಟ್ಟಿಗೆ ನಿನ್ನೆಯಿಂದ ಮಿಸ್ ಮೇಲೆ ಬಲು ಪ್ರೀತಿ. ಎದ್ದು ನಿಂತು, "ನೀವು ಒಳ್ಳೇ ಮಿಸ್," ಅಂದುಬಿಟ್ಟಳು.

ಮುಚ್ಚಿದ ಕಿಟಕಿಯಾಚೆಯಿಂದ ಪುಟ್ಟಿಯದೇ ದನಿ ಬಂತು: "ಒಳ್ಳೇ ಮಿಸ್."

ಎಷ್ಟು ಹಿತವಾಗಿತ್ತು! ಜಯಲಕ್ಷ್ಮಮ್ಮನಿಗೆ ಯಾವತ್ತೂ ಯಾರೂ ಹಾಗೆ ಅಂದಿರಲಿಲ್ಲ. ಇನ್ನೊಂದು ಸಲ ಅನ್ನಲಿ ಅನ್ನಿಸಿತು. ನೋಡಿದರೆ ಕಾಲು ಆಗಲೇ ಬಾಗಿಲ ಹತ್ತಿರ ಬಂದಿತ್ತು.

"ಇಲ್ಲಾ!" ಕುಳ್ಳಮ್ಮ ಬೆಂಚು ಹತ್ತಿ ಕಿರುಚಿದಳು. "ಸಿಡುಕು ಮೂತಿ ಮಿಸ್ಸು! ರಾಕ್ಷಸಿ ಮಿಸ್ಸು!"

ಜಯಲಕ್ಷ್ಮಮ್ಮ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಎಲ್ಲರೂ ಹೇಳ್ರೋ," ಅಂದಳು. "ಇನ್ನೂ ಜೋರಾಗಿ."