ಒಂದು ಬಾಟಲಿಯಷ್ಟು ಆಕಾಶ

ಯಲಹಂಕದ ಪಕ್ಕದ ಕೋಗಿಲಿನಲ್ಲಿ ಗಣೇಶನ ಪೆಂಡಾಲಿನಲ್ಲಿ ಪ್ರತಿವರ್ಷ ಒಂದು ಚರ್ಚಾಸ್ಪರ್ಧೆ. 2014ರಲ್ಲಿ ನಮ್ಮ ನೌಕೆ ಮಂಗಳ ಗ್ರಹ ಮುಟ್ಟಲು ಕೆಲವೇ ವಾರ ಬಾಕಿಯಿತ್ತು. ಹಾಗಾಗಿ ವಿಷಯ ಹುಡುಕುವ ಕಷ್ಟವೇ ಬರಲಿಲ್ಲ: ಭೂಮಿಯಾಚೆ ಜೀವಿಗಳಿವೆಯೇ? ‘ಇವೆ’ ಅನ್ನುವವರು ಗಣೇಶನ ಬಲಕ್ಕೆ, ‘ಇಲ್ಲ’ ಅನ್ನುವವರು ಎಡಕ್ಕೆ ನಿಲ್ಲಬೇಕು. ನಡುವೆ ನಿಂತವರಿಗೆ ಮೈಕಿಲ್ಲ. ಇದು ಗಣೇಶನನ್ನು ಕೂರಿಸುವ ಸಂಘದ ಹಿರಿಯ ಪಿಳ್ಳಣ್ಣನ ಕಾನೂನು.

ಆ ಸಂಜೆಯ ಅತಿಥಿ ನೀರು ಪರೀಕ್ಷೆಯ ಲ್ಯಾಬ್ ಇಟ್ಟಿದ್ದ ಭೀಮರಾಜ್. ಅವನ ಲ್ಯಾಬಿನಲ್ಲಿ ಒಂಬತ್ತು ವರ್ಷದಿಂದ ದುಡಿಯುತ್ತಿದ್ದ ಸರಳಾಳ ಬ್ಯಾಗಿನಲ್ಲಿ ಮಧ್ಯಾಹ್ನ ಅವನೇ ಕೊಟ್ಟ ಖಾಲಿ ವರದಿಯ ಹಾಳೆಯಿತ್ತು. ಅಪಾರ್ಟ್‌ಮೆಂಟೊಂದರ ಆರು ತೊಟ್ಟಿಗಳ ಪೈಕಿ ಒಂದರಿಂದ ಮಾತ್ರ ಪರೀಕ್ಷೆಗೆ ಒಂದು ಬಾಟಲಿ ನೀರು ಬಂದಿತ್ತು. “ಆರರಲ್ಲೂ ಕ್ರಿಮಿ ಇಲ್ಲ ಅಂತ ಬರ್ದು ಸೈನ್ ಹಾಕಮ್ಮ” ಎಂದಿದ್ದ. ನಾಳೆ ಹೇಳ್ತೀನಿ ಎಂದು ಜಾರಿಕೊಂಡಿದ್ದಳು. ಅವಳ ಮನೆ ನಡೆಯುತ್ತಿದ್ದುದೇ ಆ ಕೆಲಸದಿಂದ.

ಚರ್ಚೆ ಜೋರಾಗಿತ್ತು. “ಇದ್ದಿದ್ರೆ ಇಷ್ಟೊತ್ತಿಗೆ ಬಂದು ಸೈಟ್ ಕೇಳ್ತಿರ್ಲಿಲ್ವಾ?” ಎಂದಿತು ಎಡಗಡೆ. ಯಲಹಂಕದ ಮೇಲೆ ತಟ್ಟೆ ಹಾರಿದ್ದನ್ನು ಕಣ್ಣಾರೆ ಕಂಡೆವು ಎಂದಿತು ಬಲಗಡೆ. ದಿನಾ ವಿಮಾನ ಹಾರುವ ವಾಯುನೆಲೆಯ ಪಕ್ಕ ಮನೆ ಕಟ್ಟಿಕೊಂಡವರು ಅಷ್ಟಾದರೂ ಕಾಣದಿದ್ದರೆ ಹೇಗೆ!

ಸರಳಾ ಎದ್ದು ಹೋಗಿ ನಟ್ಟನಡುವೆ ನಿಂತಳು.

“ಇಂಗ್ ಮಧ್ಯ ನಿಂತ್ರೆ ಎಂಗಮ್ಮ? ಯಾವ್ ಕಡೆ ನೀನು?” ಎಂದ ಪಿಳ್ಳಣ್ಣ.

“ಯಾವ ಕಡೆನೂ ಅಲ್ಲ ಮಾವ. ಮೈಕ್ ಬೇಡ, ಹಾಗೇ ಹೇಳ್ತೀನಿ.” ಅವಳು ದನಿ ಎತ್ತರಿಸಿದಳು. “ನಾವು ನೀರು ನೋಡೋರು. ಒಂದು ಬಾಟಲಿ ನೋಡಿದ್ರೆ, ಈ ಬಾಟಲೀಲಿ ಕ್ರಿಮಿ ಸಿಕ್ಕಿಲ್ಲ ಅಂತ ಬರೀಬೋದು. ಇಡೀ ಕೆರೇಲೇ ಇಲ್ಲ ಅಂತ ಬರೆಯೋಕಾಗಲ್ಲ. ಆಕಾಶದಲ್ಲಿ ನಾವು ಇಲ್ಲೀವರೆಗೂ ನೋಡಿರೋದು ಒಂದು ಬಾಟಲಿನೂ ತುಂಬಲ್ಲ. ಅಲ್ಲಿ ಯಾರಾದ್ರೂ ಇರ್ಲಿ ಅಂತ ನಂಗೂ ಆಸೆ ಇದೆ. ರಾತ್ರಿ ಒಣಗಿದ ಬಟ್ಟೆ ತೆಗೆಯೋಕೆ ಮಹಡಿ ಮೇಲೆ ಹೋದಾಗೆಲ್ಲ, ಅಲ್ಲೂ ಯಾರೋ ನಮ್ ಕಡೆ ನೋಡ್ತಾ ನಿಂತಿದಾರೇನೋ ಅನ್ಸುತ್ತೆ. ಆದ್ರೆ ಆಸೆ ಬೇರೆ, ಸೈನ್ ಹಾಕೋದು ಬೇರೆ.”

ಕೊನೆಯ ಮಾತು ಅವಳು ಯೋಚಿಸಿ ಆಡಿದ್ದಲ್ಲ. ಮುಂದಿನ ಸಾಲಿನಲ್ಲಿ ಭೀಮರಾಜನ ಮುಖ ಸಪ್ಪಗಾಯಿತು. ಊರೆದುರು ಹೀಗೆ ಹೇಳಿದ ಮೇಲೆ ಆ ಹಾಳೆಗೆ ಸೈನ್ ಹಾಕಲು ತನ್ನಿಂದ ಸಾಧ್ಯವಿಲ್ಲವೆಂದು ಅವಳಿಗೂ ಆಗಲೇ ಹೊಳೆದದ್ದು. ಭಯವಾಯಿತು, ನಿಜ, ಆದರೆ ಮಧ್ಯಾಹ್ನದಿಂದ ಎದೆಯಲ್ಲಿ ಕೂತಿದ್ದ ಭಾರವೂ ಇಳಿಯಿತು.

ಪ್ರಸಾದ ಹಂಚುವಾಗ ಭೀಮರಾಜ್ ಹತ್ತಿರ ಬಂದ. “ನಾಳೆ ಆ ಸೈನ್ ಇಲ್ದೆ ಲ್ಯಾಬ್ ಕಡೆ ಬರ್ಬೇಡ.”

ಸರಳಾ ಖಾಲಿ ಹಾಳೆಯನ್ನು ಅವನ ಕೈಗೇ ಕೊಟ್ಟಳು. “ಬರ್ತೀನಿ ಸರ್. ಉಳಿದ ಐದು ತೊಟ್ಟಿ ನೀರು ತಗೊಂಡೇ ಬರ್ತೀನಿ. ನೋಡಿದ್ಮೇಲೆ ಏನ್ ಸಿಗುತ್ತೋ ಅದಕ್ಕೆ ಸೈನ್.”

ಅವನು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದ. ಅವಳು ಮನೆಗೆ ಬಂದವಳೇ ಸೀರೆಯನ್ನೂ ಬದಲಿಸದೆ, ದೊಡ್ಡ ಪಾತ್ರೆಯಲ್ಲಿ ನಾಳೆಯ ನೀರಿಗೆಂದು ಐದು ಗಾಜಿನ ಬಾಟಲಿಗಳನ್ನು, ಒಳಗಿನ ಕ್ರಿಮಿ ಸಾಯಲೆಂದು, ಕುದಿಯಲು ಇಟ್ಟಳು.