ಅಟ್ಟದ ಮೇಲಿನ ಉಪ್ಪಿನ ಡಬ್ಬಿ

ಗುರುಪಾದಯ್ಯನವರು ಮೂರನೆಯ ಚೊಂಬು ನೀರು ಕೇಳಿದಾಗ ಅಂಬಮ್ಮ ಸೊಸೆಯ ಮುಖ ನೋಡಿದಳು. ಹೂವಮ್ಮ ತಲೆ ತಗ್ಗಿಸಿ ನೀರು ಬಗ್ಗಿಸಿದಳು. ಅಯ್ಯನವರು ಸೋಮವಾರದ ಪ್ರಸಾದಕ್ಕೆ ಬಂದ ಜಂಗಮರು. ಪ್ರಸಾದ ಬಿಡುವಂತಿಲ್ಲ. ತಟ್ಟೆಯಲ್ಲಿದ್ದುದನ್ನೆಲ್ಲ ಉಂಡು, ತಟ್ಟೆ ತೊಳೆದ ನೀರನ್ನೂ ಕುಡಿದು, "ಶಿವ ಶಿವಾ" ಎನ್ನುತ್ತ ಎದ್ದು ಹೋದರು.

ಅವರು ಓಣಿ ದಾಟಿದ ಮೇಲೆ ಮಗ ಸೋಮಶೇಖರಪ್ಪ ಉಣ್ಣಲು ಕುಳಿತ. ಒಂದು ತುತ್ತನ್ನು ಉಗುಳಲಾರದೆ ನುಂಗಿದ.

"ಯವ್ವಾ, ಇದು ಬ್ಯಾಳಿ ಐತೋ, ಸಮುದ್ರ ಐತೋ?"

"ನನ್ನ ಕೇಳಬ್ಯಾಡ. ನಲವತ್ತು ವರ್ಷ ಇದs ಕೈಲೆ ಉಪ್ಪು ಹಾಕೀನಿ, ಒಂದಿನ ತಪ್ಪಿಲ್ಲ. ನಾ ಹಾಕಿದ ಮ್ಯಾಲೆ ಇನ್ನೊಂದು ಕೈ ಬಿದ್ದೈತಿ."

ಆ ಮನೆಯಲ್ಲಿ ಸೋಮವಾರ ಅಯ್ಯನವರ ಊಟವಾಗುವ ತನಕ ಅಡುಗೆಯನ್ನು ಯಾರೂ ನಾಲಗೆಗೆ ಹಚ್ಚಿ ನೋಡುವಂತಿರಲಿಲ್ಲ. ಉಪ್ಪು ಬೀಳಬೇಕಾದದ್ದು ಹಿಡಿಯ ಅಳತೆಯ ಮೇಲೆಯೇ. ಅಂಬಮ್ಮನ ಹಿಡಿ ಆದವಾನಿಯ ಆ ಓಣಿಗೆಲ್ಲ ಹೆಸರುವಾಸಿ.

"ಅತ್ತೀ, ನಾ ಬಾವಿಗೆ ಹೋಗಿದ್ದೆ. ಒಲಿ ಹತ್ತರ ಸೈತ ಬಂದಿಲ್ಲ."

"ಬಂದಿಲ್ಲಂತ! ಕೇಳಿದೇನೋ ಸೋಮೂ, ಬಳ್ಳಾರಿ ದೊರೆಸಾನಿ ಮಾತು? ನನ್ನ ಕೈಗೆ ಕೆಟ್ಟ ಹೆಸರು ತರಾಕ ಎಂಟು ತಿಂಗಳಿಂದ ಕಾದಾಳ. ಉಂಡ ಅಯ್ಯನವರ ಹೊಟ್ಟಿ ಉರಿಸಿದಾಕಿ ಈ ಮನ್ಯಾಗ ಬ್ಯಾಡ. ಸಂಜಿ ರೈಲಿಗೆ ತವರಿಗೆ ಬಿಟ್ಟು ಬಾ."

ಸೋಮಶೇಖರಪ್ಪ ಹೆಂಡತಿಯತ್ತ ತಿರುಗಿದ. "ಖರೆ ಹೇಳು. ನಿನ್ನ ಡಬ್ಬಿ ಏನರ ತಗದಿದ್ದೇನು?"

ಅವನೂ ಹಾಗೆ ಕೇಳಿದನಲ್ಲ ಎಂದು ಹೂವಮ್ಮನಿಗೆ ಎದೆಯಲ್ಲಿ ಚುಚ್ಚಿದಂತಾಯಿತು. ಅದು ರೈಲ್ವೆಯಲ್ಲಿದ್ದ ಅಣ್ಣ ಮದುವೆಗೆ ಕೊಟ್ಟ ಪುಡಿ ಉಪ್ಪಿನ ತಗಡಿನ ಡಬ್ಬಿ. ತವರಲ್ಲಿ ಅದನ್ನು ಚಿಟಿಕೆಯಲ್ಲಿ ಹಾಕುತ್ತಿದ್ದರು, ಹಿಡಿಯಲ್ಲಲ್ಲ. ಹರಳುಪ್ಪಿನಂತೆ ಹಿಡಿ ತುಂಬ ಹಾಕಿದರೆ ಅಡುಗೆ ಬಾಯಿಗಿಡಲಾಗದು. ಅದು ಈ ಮನೆಗೆ ಬಂದ ದಿನವೇ ಅಂಬಮ್ಮ ಮೂಗು ಮುರಿದಿದ್ದಳು. "ಉಪ್ಪಂದ್ರ ಸಮುದ್ರದ ಹರಳು. ಇದು ಇಷ್ಟು ಬೆಳ್ಳಗ ಆಗಾಕ ಎಲುಬು ಸುಟ್ಟು ಹಾಕಿರ್ತಾರ." ಓಣಿಗೆಲ್ಲ ಹಾಗೇ ಹೇಳಿದಳು. ಡಬ್ಬಿ ಅಟ್ಟ ಸೇರಿತು.

"ತರತೀನಿ, ನೀವs ನೋಡ್ರಿ," ಎಂದು ಹೂವಮ್ಮ ಒಳಗೆ ಹೋದಳು.

ಮೊದಲು ಉಪ್ಪಿನ ಗಡಿಗೆಗೆ ಕೈ ಹಾಕಿದಳು. ಒಂದು ಹರಳೂ ಇರಲಿಲ್ಲ. ತಳವನ್ನು ಬಟ್ಟೆಯಿಂದ ಒರೆಸಿದ್ದರು. ದಸ್ತಗಿರಿಯ ಉಪ್ಪಿನ ಬಂಡಿ ಹೋದ ವಾರವೇ ಬರಬೇಕಾಗಿತ್ತು, ಬಂದಿರಲಿಲ್ಲ. ಸೋಮವಾರ ನೆರೆಮನೆಗೆ ಉಪ್ಪು ಕೇಳಿಕೊಂಡು ಹೋಗುವಂತಿಲ್ಲ. ಹಾಗಾದರೆ ಬೇಳೆಗೆ ಬಿದ್ದದ್ದು?

ಅಟ್ಟದಿಂದ ಡಬ್ಬಿ ಇಳಿಸಿದಳು. ಮುಚ್ಚಳದ ಧೂಳಿನ ಮೇಲೆ ಬೆರಳಚ್ಚುಗಳು ಮೂಡಿದ್ದವು. ಒಳಗೆ, ನಯವಾದ ಬಿಳುಪಿನ ನಡುವೆ, ಒಂದು ಹಿಡಿಯಷ್ಟು ಆಳದ ಗುಂಡಿ.

ಎಲುಬು ಎಂದವಳೇ ಅಯ್ಯನವರಿಗೆ ಉಣಿಸಿದ್ದಳು. ಇದನ್ನು ಮಗನ ಮುಂದಿಟ್ಟರೆ ಸಾಕು, ಅತ್ತೆ ಇನ್ನು ಓಣಿಯಲ್ಲಿ ತಲೆಯೆತ್ತುವಂತಿರಲಿಲ್ಲ. ಹೂವಮ್ಮ ಡಬ್ಬಿಗೆ ಮುಚ್ಚಳ ಹಾಕಿದಳು.

ಪಡಸಾಲೆಗೆ ಬಂದಾಗ ಅಂಬಮ್ಮ ಕಂಬಕ್ಕೆ ಒರಗಿದ್ದಳು. ಡಬ್ಬಿ ಕಂಡದ್ದೇ ಕಂಬ ಬಿಟ್ಟು ಮುಂದೆ ಬಂದಳು. "ಅದನ್ಯಾಕ ತಂದಿ? ಮುಸರಿ ಕೈಲೆ ಮುಟ್ಟಬ್ಯಾಡೋ ಸೋಮೂ," ಎಂದಳು.

ಸೋಮಶೇಖರಪ್ಪ ಎಡಗೈ ಚಾಚಿದ. ಹೂವಮ್ಮ ಕೊಡಲಿಲ್ಲ. ಡಬ್ಬಿಯನ್ನು ಎರಡು ಸಲ ಮೆಲ್ಲಗೆ ಕುಲುಕಿ ನೆಲದ ಮೇಲಿಟ್ಟು ಮುಚ್ಚಳ ತೆಗೆದಳು. ಪುಡಿ ಸಮನಾಗಿ ಕೂತಿತ್ತು.

"ಮತ್ತ ಬ್ಯಾಳಿ?" ಎಂದ ಸೋಮಶೇಖರಪ್ಪ.

"ನಾ ಬಾವಿಯಿಂದ ತಡಾ ಮಾಡಿ ಬಂದೆ. ಒಲಿ ಮ್ಯಾಲೆ ನೀರು ಬತ್ತಿರಬೇಕು."

ಅವನು ತಟ್ಟೆಯಲ್ಲಿದ್ದುದನ್ನು ಮುಗಿಸಿ ಎರಡು ಚೊಂಬು ನೀರು ಕುಡಿದ. ಸಂಜೆ ರೈಲಿನ ಸುದ್ದಿ ಮತ್ತೆ ಬರಲಿಲ್ಲ. ಅಂಬಮ್ಮ ಮಾತ್ರ ಊಟ ಒಲ್ಲೆನೆಂದು, ಹೊತ್ತು ಮುಳುಗುವ ತನಕ ಸೊಸೆಯ ಬೆನ್ನನ್ನೇ ನೋಡುತ್ತ ಕುಳಿತಿದ್ದಳು. ಹೇಳಲಿಲ್ಲ ಯಾಕೆ? ಯಾವತ್ತು ಹೇಳುತ್ತಾಳೆ?

ಗುರುವಾರ ದಸ್ತಗಿರಿಯ ಬಂಡಿ ಬಂತು. ಅಂಬಮ್ಮ ಹೊಸ ಹರಳು ತುಂಬಿದ ಗಡಿಗೆಯನ್ನು ಎತ್ತಿ ತಂದಳು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಎನ್ನುತ್ತಾರೆ. ಸೊಸೆಯ ಕಾಲಬಳಿ ನೆಲಕ್ಕಿಟ್ಟಳು.

"ಇವತ್ತು ನೀನs ಹಾಕು."

ಹೂವಮ್ಮ ಹಿಡಿ ತುಂಬ ತೆಗೆದು, ನಾಲ್ಕು ಹರಳು ಗಡಿಗೆಗೆ ಮರಳಿ ಬಿಟ್ಟಳು. ಬಾಗಿಲಲ್ಲಿ ನಿಂತ ಅಂಬಮ್ಮನ ಕಣ್ಣು ಅವಳ ಹಿಡಿಯ ಮೇಲಿರಲಿಲ್ಲ, ಅಟ್ಟದ ಮೇಲಿತ್ತು. ಅಲ್ಲಿಗೆ ಮರಳಿದ್ದ ಡಬ್ಬಿಯ ಮುಚ್ಚಳದ ಬೆರಳಚ್ಚುಗಳ ಮೇಲೆ ಹೊಸ ಧೂಳು ಕೂರತೊಡಗಿತ್ತು.